ನೀಲಗಿರಿ ಎಲೆ ಹೊದಿಸಿದ ಒಟ್ಲು

ಅಕ್ಕ ನನ್ನ ಜೊತೆ ಮಾತು ಬಿಟ್ಟು ಆರು ವರ್ಷವಾಗಿತ್ತು. ಆಸ್ತಿಗಾಗಿ ಬಿಟ್ಟಿದ್ದರೆ ಜನ ಒಪ್ಪುತ್ತಿದ್ದರು, ಒಡವೆಗಾಗಿ ಬಿಟ್ಟಿದ್ದರೂ ಒಪ್ಪುತ್ತಿದ್ದರು. ಅವಳು ಬಿಟ್ಟಿದ್ದು ಒಂದು ಮಡಿಲು ರಾಗಿ ಬೀಜಕ್ಕೆ. ಕೇಳಿದವರು ನಗುತ್ತಾರೆ. ನಗಲಿ. ಆರು ವರ್ಷ ಒಬ್ಬಳೇ ಕೂತು ಅವರೆಕಾಳು ಹಿತುಕಿದವಳು ನಾನು, ಅವರಲ್ಲ.

ಅವರೆಕಾಳಿನ ಮಾತು ಮೊದಲು ಯಾಕೆ ಬಂತೆಂದರೆ, ಅಕ್ಕ ಇಲ್ಲ ಅನ್ನುವುದು ನನಗೆ ಮೊದಲು ತಟ್ಟಿದ್ದು ಅಲ್ಲೇ. ಚಳಿಗಾಲದಲ್ಲಿ ನೆನೆಸಿದ ಕಾಳನ್ನು ಎರಡು ಬೆರಳ ನಡುವೆ ಒತ್ತಿ ಸಿಪ್ಪೆ ಜಾರಿಸುವುದು ಕೈಗೆ ಸುಲಭದ ಕೆಲಸ, ಮನಸ್ಸಿಗೆ ಮಹಾ ಬೇಸರದ್ದು. ಇಬ್ಬರು ಕೂತರೆ ಒಂದು ಬೋಸಿ ಕಾಳು ಮಾತಿನಲ್ಲೇ ಮುಗಿದುಹೋಗುತ್ತದೆ. ಯಾರ ಮನೆಯ ಸೊಸೆ ಏನಂದಳು, ಯಾರ ಹಸು ಎಷ್ಟು ಹಾಲು ಬಿಟ್ಟಿತು, ಯಾರ ಮದುವೆಯ ಸಾರಿನಲ್ಲಿ ಉಪ್ಪು ಜಾಸ್ತಿಯಾಯಿತು, ಎಲ್ಲಾ ಮುಗಿಯುವಷ್ಟರಲ್ಲಿ ಬೋಸಿಯ ತಳ ಕಾಣುತ್ತಿತ್ತು. ಮಾತು ಬಿಟ್ಟ ಮೊದಲ ವರ್ಷ ನಾನು ಅರ್ಧ ಹಿತುಕಿ, ಉಳಿದದ್ದನ್ನು ಸಿಪ್ಪೆ ಸಮೇತ ಸಾರಿಗೆ ಹಾಕಿಬಿಟ್ಟೆ. ನನ್ನ ಗಂಡ ತಟ್ಟೆ ನೋಡಿದರು, ಏನೂ ಅನ್ನದೆ ಉಂಡರು. ಏನೂ ಅನ್ನಲಿಲ್ಲವಲ್ಲ ಅಂತ ಅದಕ್ಕೂ ನನಗೆ ಸಿಟ್ಟು ಬಂತು.

ಅಕ್ಕ ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳು. ಕೆಲಮಂಗಲದಿಂದ ಸ್ವಲ್ಪ ದೂರದಲ್ಲಿ ಒಂದು ಕೆರೆ. ಕೆರೆಯ ಆಚೆ ಅವಳನ್ನು ಕೊಟ್ಟ ಊರು, ಈಚೆ ನನ್ನನ್ನು ಕೊಟ್ಟ ಊರು. ಏರಿಯ ಮೇಲೆ ನಿಂತು ಕೂಗಿದರೆ ಕೇಳುವಷ್ಟು ಹತ್ತಿರ. ನಮ್ಮಮ್ಮ ಬೇಕೆಂದೇ ಹಾಗೆ ಮಾಡಿದ್ದಳು. ಒಬ್ಬಳನ್ನು ನೋಡಲು ಹೋದರೆ ಇಬ್ಬರನ್ನೂ ನೋಡಿ ಬರಬಹುದು, ಎರಡು ಬಸ್ಸು ಹತ್ತುವ ಪಾಡಿರುವುದಿಲ್ಲ ಎಂದು. ಅಮ್ಮ ಇಬ್ಬರಿಗೂ ಮದುವೆಯಲ್ಲಿ ಒಂದೊಂದು ತಾಮ್ರದ ಹಂಡೆ ಕೊಟ್ಟಳು, ಜೊತೆಗೆ ಒಂದೊಂದು ಮಡಕೆ ಗಿಡ್ಡ ರಾಗಿ ಬೀಜ ಕೊಟ್ಟಳು. ತೆನೆ ಚಿಕ್ಕದು, ಕಾಳು ಕಪ್ಪು, ಮುದ್ದೆ ಮಾಡಿದರೆ ಗಮ್ಮನೆ ವಾಸನೆ. ಅಂಗಡಿಯ ಬೀಜದಷ್ಟು ಇಳುವರಿ ಇಲ್ಲ. ಅಕ್ಕನ ಮನೆಯವರು ಅಂಗಡಿಯ ಬೀಜಕ್ಕೆ ಹೋದರು, ಎರಡು ಮೂರು ವರ್ಷದಲ್ಲಿ ಅವಳ ಮಡಕೆ ಖಾಲಿಯಾಯಿತು. ನಾನು ಹಠಕ್ಕೆ ಬಿದ್ದು ಪ್ರತಿ ವರ್ಷ ಒಂದು ಮಡಿಯಾದರೂ ಬೆಳೆದು ಬೀಜ ಉಳಿಸಿಕೊಂಡೆ. ಹಠ ನನ್ನ ಹುಟ್ಟುಗುಣ, ಅದರಿಂದ ಆದ ಒಳ್ಳೆಯದು ಇದೊಂದೇ.

ಅಮ್ಮ ತೀರಿಕೊಂಡ ಮಾರನೆಯ ವರ್ಷ ಅಕ್ಕನಿಗೆ ಆ ಬೀಜ ಬೇಕೆನ್ನಿಸಿತು. ಮುಂಗಾರಿನ ಹೊತ್ತಿಗೆ ಏರಿ ದಾಟಿ ಬಂದಳು. "ಅಮ್ಮನ ರಾಗಿ ಒಂದ್ಸತಿ ನಮ್ಮೊಲದಲ್ಲೂ ಹುಟ್ಲಿ ಕಣೆ" ಅಂದಳು. ಅವಳು ಹಾಗೆ ಅಂದಾಗ ನನ್ನ ಕಣ್ಣು ತುಂಬಿತ್ತು. ಅದು ಸುಳ್ಳಲ್ಲ, ಈಗಲೂ ಆಣೆ ಇಟ್ಟು ಹೇಳುತ್ತೇನೆ.

ಬಿತ್ತನೆ ಬೀಜವನ್ನು ನಮ್ಮಲ್ಲಿ ಅಳೆದು ಕೊಡುವುದಿಲ್ಲ. ಬೆಳಗ್ಗೆ ತಲೆಗೆ ನೀರು ಹಾಕಿಕೊಂಡು, ಮೊರದಲ್ಲಿ ಎತ್ತಿ, ಕೇಳಲು ಬಂದವಳ ಸೆರಗಿನ ಮಡಿಲಿಗೆ ಸುರಿಯಬೇಕು. ಸುರಿದ ಮೇಲೆ ಆ ಮಡಿಲಿನಿಂದಲೇ ಒಂದು ಚಿಟಿಕೆ ತೆಗೆದು ನಮ್ಮ ಮಡಕೆಗೆ ವಾಪಸ್ಸು ಹಾಕಿಕೊಳ್ಳಬೇಕು. ಬೀಜ ಪೂರ್ತಿ ಮನೆ ಬಿಟ್ಟು ಹೋಗಬಾರದು ಅಂತ. ಕೊಡುವಾಗ ಮನಸ್ಸಿನಲ್ಲಿ ಹುಳುಕಿದ್ದರೆ ಬೀಜ ಹುಟ್ಟುವುದಿಲ್ಲ ಎನ್ನುತ್ತಾರೆ. ಅದಕ್ಕೇ ಬೀಜ ಕೇಳುವವರು ಕೈಗುಣ ನೋಡಿ ಕೇಳುತ್ತಾರೆ. ನನ್ನ ಕೈಗುಣಕ್ಕೆ ಸುತ್ತ ಮೂರು ಊರಲ್ಲಿ ಹೆಸರಿತ್ತು. ಬಿತ್ತನೆಯ ಮೊದಲ ಹಿಡಿ ಚೆಲ್ಲಲು ನನ್ನನ್ನು ಕರೆಯುತ್ತಿದ್ದರು, ಬದನೆ ಸಸಿ ನೆಡಲು ಕರೆಯುತ್ತಿದ್ದರು, ಕೊನೆಗೆ ಮೊಸರಿಗೆ ಹೆಪ್ಪು ಕೂಡ ನನ್ನ ಕೈಯಿಂದಲೇ ಬೇಕೆಂದು ಒಬ್ಬಳು ಚೊಂಬು ಹಿಡಿದು ಬರುತ್ತಿದ್ದಳು. ನನಗೆ ಅದರ ಜಂಬವೂ ಇತ್ತು.

ಅಕ್ಕ ಬೀಜ ಕೊಂಡುಹೋಗಿ ಒಟ್ಲು ಬಿಟ್ಟಳು. ಒಟ್ಲು ಅಂದರೆ ಪೈರು ಬೆಳೆಸುವ ಸಣ್ಣ ಮಡಿ. ನೆಲ ಹದ ಮಾಡಿ, ಕಾಳು ಚೆಲ್ಲಿ, ಪುಡಿ ಗೊಬ್ಬರ ಉದುರಿಸಿ, ಮೇಲೆ ತೆಳ್ಳಗೆ ರಾಗಿ ಹುಲ್ಲು ಹೊದಿಸುತ್ತೇವೆ. ಹುಲ್ಲಿನ ಮೇಲೆಯೇ ನೀರು ಚಿಮುಕಿಸುತ್ತೇವೆ. ನಾಲ್ಕೈದು ದಿನದಲ್ಲಿ ಹುಲ್ಲು ಸರಿಸಿದರೆ ಹಸಿರು ಕಾಣಬೇಕು. ನಾನು ಅದೇ ವಾರ, ಅದೇ ಮಡಕೆಯ ಬೀಜದಿಂದ ನನ್ನ ಒಟ್ಲು ಬಿಟ್ಟೆ. ನನ್ನದು ದಟ್ಟವಾಗಿ ಎದ್ದು ಬಂತು. ಅವಳದು ಏಳಲಿಲ್ಲ. ಒಂದು ಕಡೆ ನಾಲ್ಕು ಎಳೆ, ಇನ್ನೊಂದು ಕಡೆ ಎರಡು ಎಳೆ, ಅವೂ ಕೆಂಪಗೆ ಮುರುಟಿಕೊಂಡಿದ್ದವು. ನೋಡಲು ನಾನೇ ಹೋಗಿದ್ದೆ. ಹುಲ್ಲಿನ ಬದಲು ನೀಲಗಿರಿಯ ಒಣ ಎಲೆ ಹೊದಿಸಿದ್ದಳು. ಅವರ ಹೊಲದ ಅಂಚಿನಲ್ಲಿ ಅವಳ ಮಾವನ ಕಾಲದ ನೀಲಗಿರಿ ತೋಪಿದೆ, ಎಲೆಗೇನೂ ಬರವಿಲ್ಲ. ಆ ದಿನ ನನಗೆ ಎಲೆ ಕಂಡಿತು, ಆದರೆ ತಲೆಗೆ ಹೋಗಲಿಲ್ಲ.

ಮಾರನೆಯ ದಿನ ಬೆಳಗ್ಗೆ ಹಾಲಿನ ಡೈರಿಯ ಮುಂದೆ ಎರಡೂ ಊರಿನ ಹೆಂಗಸರು ಕ್ಯಾನು ಹಿಡಿದು ನಿಂತಿದ್ದೆವು. ಅಕ್ಕ ಎಲ್ಲರಿಗೂ ಕೇಳುವ ಹಾಗೆ ಅಂದಳು: "ನನ್ ತಂಗಿ ನಂಗೆ ಹುರಿದ ಬೀಜ ಕೊಟ್ಟವ್ಳೆ. ಅವ್ಳ್ ಒಟ್ಲು ನೋಡಿ, ನನ್ ಒಟ್ಲು ನೋಡಿ. ಒಂದೇ ಮಡಕೆ ಬೀಜ ಅಂತೆ."

ಹುರಿದ ಬೀಜ ಕೊಟ್ಟಳು ಅನ್ನುವುದು ನಮ್ಮಲ್ಲಿ ಹೆಂಗಸಿಗೆ ಹೇಳಬಹುದಾದ ಅತಿ ಕೆಟ್ಟ ಮಾತುಗಳಲ್ಲಿ ಒಂದು. ನನ್ನ ಮೈ ಉರಿದುಹೋಯಿತು. ನನ್ನ ಬಾಯಿ ಯಾವತ್ತೂ ನನಗಿಂತ ಎರಡು ಹೆಜ್ಜೆ ಮುಂದೆ. "ಹುರಿದಿದ್ರೆ ಬೀಸಿ ಹುರಿಹಿಟ್ಟು ಮಾಡ್ಕೊಂಡು ತಿನ್ನು. ಬಿತ್ತೋಕೆ ಯಾಕೆ ಹೋದೆ?" ಅಂದೆ. ಡೈರಿಯ ಮುಂದೆ ನಿಂತಿದ್ದವರೆಲ್ಲಾ ನಕ್ಕರು. ಹಾಲು ಅಳೆಯುವವನೂ ನಕ್ಕ.

ಅಕ್ಕ ಜಗಳಗಂಟಿ. ಚಿಕ್ಕಂದಿನಿಂದ ಅವಳ ಬಾಯಿಗೆ ನಾನು ಸೋತವಳು. ಅವತ್ತು ತಿರುಗಿ ಬಯ್ಯುತ್ತಾಳೆ, ನಾಲ್ಕು ಮಾತು ಅವಳು, ನಾಲ್ಕು ಮಾತು ನಾನು, ಸಂಜೆಗೆ ಎಲ್ಲಾ ಸರಿಹೋಗುತ್ತದೆ ಅಂದುಕೊಂಡಿದ್ದೆ. ಅವಳು ಬಯ್ಯಲಿಲ್ಲ. ಕ್ಯಾನಿನ ಮುಚ್ಚಳ ಹಾಕಿ, ಹಾಲು ಹಾಕದೆಯೇ, ಏರಿಯ ಮೇಲೆ ನಡೆದು ಹೋದಳು. ಆಮೇಲೆ ಮಾತಿಲ್ಲ.

ಮೊದಲ ತಿಂಗಳು ಅವಳೇ ಬರಲಿ ಅಂತ ಕೂತೆ. ಎರಡನೆಯ ತಿಂಗಳು ಅವಳು ಬಂದರೂ ಮಾತಾಡಬಾರದು ಅಂತ ಕೂತೆ. ಆಮೇಲೆ ಎಣಿಸುವುದು ಬಿಟ್ಟೆ. ಅವಳ ನಂಬರು ನನ್ನ ಫೋನಿನಲ್ಲಿತ್ತು, ಬೆರಳು ಅದರ ಮೇಲೆ ಎಷ್ಟೋ ಸಲ ಹೋಗಿ ಬಂತು. ಬಿತ್ತನೆಗೆ ನನ್ನನ್ನು ಕರೆಯುವುದೂ ನಿಂತಿತು. ಯಾರೂ ಮುಖಕ್ಕೆ ಹೇಳಲಿಲ್ಲ; ಆಗಲೇ ಬಿತ್ತಿಬಿಟ್ವಿ ಅನ್ನುತ್ತಿದ್ದರು, ಅಷ್ಟೇ. ಹೆಪ್ಪಿಗೆ ಬರುತ್ತಿದ್ದವಳೂ ಬೇರೆ ಮನೆ ನೋಡಿಕೊಂಡಳು.

ಒಂದು ಮಧ್ಯಾಹ್ನ ಬಸ್ಸಿಗೆ ಕಾಯುತ್ತಾ ರಸ್ತೆಯಲ್ಲಿ ನಿಂತಿದ್ದಾಗ, ಸಾಮಾನು ತುಂಬಿದ ಟೆಂಪೊ ಒಂದು ಹೊಸೂರಿನ ಕಡೆ ಹೋಯಿತು. ಮಂಚ, ಬೀರು, ಗ್ಯಾಸ್ ಸಿಲಿಂಡರು, ಎಲ್ಲದರ ಮೇಲೆ ಹಗ್ಗ ಹಾಕಿ ಕಟ್ಟಿದ ಅಮ್ಮನ ತಾಮ್ರದ ಹಂಡೆ. ಅದರ ಕಂಠದ ಸೊಟ್ಟ ನನಗೆ ಗೊತ್ತು, ಅದು ಬಿದ್ದಾಗ ನಾನು ಅಲ್ಲೇ ಇದ್ದೆ. ಹೀಗೆ ನನಗೆ ಗೊತ್ತಾಯಿತು, ಅಕ್ಕ ಊರು ಬಿಟ್ಟಳೆಂದು. ಭಾವ ಲಾರಿ ಕಾರ್ಖಾನೆಯಲ್ಲಿ ಶಿಫ್ಟಿಗೆ ಹೋಗುತ್ತಿದ್ದರು. ಓಡಾಟ ಆಗುವುದಿಲ್ಲವೆಂದು ಹೊಲ ಗುತ್ತಿಗೆಗೆ ಕೊಟ್ಟು ಅವಲಪಲ್ಲಿಯಲ್ಲಿ ಮನೆ ಮಾಡಿದರಂತೆ. ನನಗೆ ಹೇಳಿದ್ದು ಅಕ್ಕನ ಊರಿನ ಇನ್ನೊಬ್ಬಳು, ಅದೂ ವಾರದ ಮೇಲೆ. ಅವತ್ತಿಂದ ಏರಿಯ ಮೇಲೆ ನಿಂತರೆ ಕೂಗಲು ಆ ಕಡೆ ಯಾರೂ ಇರಲಿಲ್ಲ. ಮಾತು ಬಿಟ್ಟಿದ್ದರೂ ಅವಳು ಅಲ್ಲಿದ್ದಳು ಅನ್ನುವುದೇ ಒಂದು ಧೈರ್ಯವಾಗಿತ್ತೆಂದು ಆಗ ತಿಳಿಯಿತು. ದನಗಳಿಗೆ ನೀರು ಕುಡಿಸಲು ಹೋದಾಗಲೆಲ್ಲಾ ಆ ಕಡೆ ನೋಡುತ್ತಿದ್ದೆ, ನೋಡಿ ನೋಡಿ ಕತ್ತು ತಾನಾಗಿ ಆ ಕಡೆಗೇ ತಿರುಗುವುದು ರೂಢಿಯಾಯಿತು.

ಈಗ ಈ ಸಲದ ಮುಂಗಾರಿನ ಮಾತಿಗೆ ಬರುತ್ತೇನೆ. ಬಿತ್ತುವ ಮೊದಲು ಬೀಜ ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ನೋಡುವುದು ಅಮ್ಮನಿಂದ ಬಂದ ರೂಢಿ. ಎರಡು ಗಂಟು ಕಟ್ಟುವಷ್ಟು ಬೀಜವಿತ್ತು. ಒಂದನ್ನು ಮನೆಯಲ್ಲಿ ಪಾತ್ರೆಯ ನೀರಿನಲ್ಲಿ ನೆನೆಸಿದೆ. ಕರೆಂಟು ಹೋಗಿ ಮೋಟಾರು ನಿಂತಿದ್ದರಿಂದ ಎರಡನೆಯದಕ್ಕೆ ನೀರು ಸಾಲಲಿಲ್ಲ. ಹೊಲದ ಮೂಲೆಯ ಸಿಮೆಂಟು ತೊಟ್ಟಿಯಲ್ಲಿ ಮಳೆ ನೀರು ನಿಂತಿತ್ತು, ಅದರಲ್ಲಿ ಇಳಿಬಿಟ್ಟೆ. ಪಕ್ಕದ ಹೊಲದವರ ನೀಲಗಿರಿ ಸಾಲು ಆ ತೊಟ್ಟಿಯ ಮೇಲೆ ಬಾಗಿದೆ. ಎಲೆ ಬಿದ್ದು ಬಿದ್ದು ನೀರು ಚಹಾದ ಬಣ್ಣಕ್ಕೆ ತಿರುಗಿತ್ತು. ನೀರು ನೀರೇ ತಾನೆ ಅಂದುಕೊಂಡೆ.

ಮೂರನೆಯ ದಿನ ಎರಡೂ ಗಂಟು ಬಿಚ್ಚಿದೆ. ಮನೆಯ ಗಂಟಿನಲ್ಲಿ ಬಿಳಿ ಮೊಳಕೆ ಬಟ್ಟೆಯನ್ನೇ ಚುಚ್ಚಿ ಹೊರಗೆ ಬಂದಿತ್ತು. ತೊಟ್ಟಿಯ ಗಂಟಿನಲ್ಲಿ ಕಾಳು ಉಬ್ಬಿತ್ತು, ಬಾಯಿ ಬಿಟ್ಟಿರಲಿಲ್ಲ. ಎಲ್ಲೋ ಒಂದೊಂದು ಸೀಳಿದ್ದರೂ ಬೇರಿನ ತುದಿ ಕಂದಿ ಅಲ್ಲೇ ನಿಂತಿತ್ತು. ಒಂದೇ ಮಡಕೆ ಬೀಜ, ಕಟ್ಟಿದ್ದು ಒಂದೇ ಕೈ. ಎರಡೂ ಗಂಟನ್ನು ಹೊಲದ ಬದುವಿನ ಮೇಲೆ ಪಕ್ಕಪಕ್ಕ ಇಟ್ಟೆ. ಅಕ್ಕನ ಒಟ್ಲು ಕಣ್ಣ ಮುಂದೆ ಬಂದು ನಿಂತಿತು, ಈ ಸಲ ಎಲೆಯ ಸಮೇತ.

ನನ್ನ ಮಗಳು ಹೊಸೂರಿನ ಒಂದು ಕಾರ್ಖಾನೆಯಲ್ಲಿ ತಯಾರಾದ ಬಿಡಿಭಾಗ ಪರೀಕ್ಷೆ ಮಾಡುವ ಕೆಲಸದಲ್ಲಿದ್ದಾಳೆ. ಬೆಳಗ್ಗಿನ ಶಿಫ್ಟು ಮುಗಿಸಿ ಗಾಡಿ ನಿಲ್ಲಿಸುವಷ್ಟರಲ್ಲೇ ಅವಳ ಮೇಲೆ ಬಿದ್ದೆ. "ನೋಡೇ, ನನ್ ಕೈಯಲ್ಲ, ಎಲೆ! ಎಲೆ ನೀರು!" ಅಂದೆ. ಅವಳು ಹೆಲ್ಮೆಟ್ಟು ಕೂಡ ತೆಗೆದಿರಲಿಲ್ಲ.

"ಅಮ್ಮಾ, ಒಂದ್ ಗಂಟು ನೋಡ್ಬುಟ್ಟು ಹಂಗೆ ಹೇಳೋಕಾಗಲ್ಲ. ತೊಟ್ಟಿ ನೀರು ಹಳೇದು, ಬಿಸಿಲು ಬಿದ್ದದೆ, ಪಾಚಿ ಐತೆ. ಯಾವ್ದ್ರಿಂದ ಅಂತ ಯಾರಿಗ್ ಗೊತ್ತು? ನಮ್ ಕಂಪ್ನೀಲಿ ಒಂದ್ ಪೀಸ್ ಮುಟ್ದಂಗೆ ಇಡ್ತೀವಿ. ಮಿಕ್ಕಿದ್ದ್ರಲ್ಲಿ ಒಂದೊಂದೇ ಬದಲಾಯಿಸಿ ನೋಡ್ತೀವಿ" ಅಂದಳು.

ಸರಿ, ಹಾಗೇ ಮಾಡಿದೆವು. ಐದು ಸ್ಟೀಲ್ ತಟ್ಟೆ, ತಟ್ಟೆಗೊಂದು ಹಳೆ ಪಂಚೆಯ ತುಂಡು, ಒಂದೊಂದರಲ್ಲೂ ಇಪ್ಪತ್ತು ಕಾಳು. ಮೊದಲ ತಟ್ಟೆಗೆ ಬರೀ ಬೋರ್‌ವೆಲ್ ನೀರು. ಎರಡನೆಯದಕ್ಕೆ ಅದೇ ನೀರಿನಲ್ಲಿ ಒಂದು ದಿನ ನೆನೆಸಿದ ನೀಲಗಿರಿಯ ಹಸಿ ಎಲೆಯ ರಸ, ಮೂರನೆಯದಕ್ಕೆ ಒಣ ಎಲೆಯದು. ನಾಲ್ಕನೆಯದಕ್ಕೆ ಹುಣಸೆ ಎಲೆಯದು, ಯಾಕೆಂದರೆ ಹುಣಸೆ ಮರದ ಕೆಳಗೆ ಏನೂ ಹುಟ್ಟುವುದಿಲ್ಲ, ಅಲ್ಲಿ ದೆವ್ವ ಇದೆ ಅಂತ ನಮ್ಮಜ್ಜಿ ಹೇಳುತ್ತಿದ್ದಳು, ದೆವ್ವವನ್ನೂ ಒಂದು ಕೈ ನೋಡೋಣ ಎನ್ನಿಸಿತು. ಐದನೆಯದಕ್ಕೆ ತಿಪ್ಪೆಯಲ್ಲಿ ವರ್ಷ ಕಳೆದು ಕೊಳೆತ ನೀಲಗಿರಿ ಎಲೆಯ ನೀರು. ತಟ್ಟೆಗಳನ್ನು ದೇವರ ಗೂಡಿನ ಕೆಳಗೆ ಸಾಲಾಗಿ ಇಟ್ಟೆ. ಗಂಡ ಬಂದು ನೋಡಿ, "ಯಾರಿಗೆ ಎಡೆ ಇಕ್ಕಿದ್ದೀಯಾ?" ಎಂದು ಕೇಳಿದರು.

ಆ ನಾಲ್ಕು ದಿನ ನಾನು ಒಲೆಯ ಮುಂದಿದ್ದದ್ದಕ್ಕಿಂತ ತಟ್ಟೆಯ ಮುಂದಿದ್ದದ್ದು ಹೆಚ್ಚು. ಬೋರ್‌ವೆಲ್ ನೀರಿನ ತಟ್ಟೆಯಲ್ಲಿ ಒಂದೆರಡು ಬಿಟ್ಟು ಎಲ್ಲಾ ಹುಟ್ಟಿದವು. ನೀಲಗಿರಿಯ ಹಸಿ ಎಲೆಯದರಲ್ಲಿ ಮೂರೋ ನಾಲ್ಕೋ ಹುಟ್ಟಿ, ಬೇರು ಉಗುರಿನಷ್ಟೂ ಬೆಳೆಯದೆ ಕಂದಿದವು. ಒಣ ಎಲೆಯದರಲ್ಲಿ ಸ್ವಲ್ಪ ಹೆಚ್ಚು, ಆದರೂ ಅರ್ಧಕ್ಕೆ ಬರಲಿಲ್ಲ. ಹುಣಸೆಯದು ತಡವಾಗಿ ಎದ್ದಿತು, ಪೈರು ಕುಳ್ಳಗಿತ್ತು. ಅಜ್ಜಿಯ ದೆವ್ವ ಪೂರ್ತಿ ಸುಳ್ಳಲ್ಲ. ಕೊಳೆತ ಎಲೆಯ ನೀರಿನಲ್ಲಿ ಮಾತ್ರ ಬೋರ್‌ವೆಲ್ ನೀರಿನಷ್ಟೇ ಚೆನ್ನಾಗಿ ಹುಟ್ಟಿದವು. ಮಗಳು ಫೋನಿನಲ್ಲಿ ಓದಿ ಹೇಳಿದಳು: ಮರ ತನ್ನ ಎಲೆಯಲ್ಲಿ ಕೆಲವು ರಾಸಾಯನಿಕ ಮಾಡಿಕೊಳ್ಳುತ್ತದಂತೆ, ಮಳೆಗೆ ಅದು ತೊಳೆದು ನೆಲಕ್ಕೆ ಇಳಿಯುತ್ತದಂತೆ, ಬೀಜ ನೀರಿನ ಜೊತೆ ಅದನ್ನೂ ಕುಡಿದರೆ ಮೊಳಕೆಗೆ ತಡೆ ಬೀಳುತ್ತದಂತೆ. ಎಲೆ ಕೊಳೆತರೆ ಆ ಗುಣ ಹೋಗುತ್ತದಂತೆ. ತೊಟ್ಟಿಯ ಗಂಟಿನ ಕಾಳನ್ನು ನಾನು ಎಸೆದಿರಲಿಲ್ಲ. ಮೂರು ನಾಲ್ಕು ಸಲ ಒಳ್ಳೆಯ ನೀರಿನಲ್ಲಿ ತೊಳೆದು ಮತ್ತೆ ಕಟ್ಟಿಟ್ಟೆ. ಅದರಲ್ಲೂ ಒಂದಷ್ಟು ಕಣ್ಣು ಬಿಟ್ಟವು. ಸತ್ತಿರಲಿಲ್ಲ, ತಡೆದು ಕೂತಿದ್ದವು.

ನಾನು ಗೆದ್ದಿದ್ದೆ. ಡೈರಿಯ ಮುಂದೆ ಐದೂ ತಟ್ಟೆ ಕೊಂಡುಹೋಗಿ ಇಡಬೇಕೆನ್ನಿಸಿತು. ಆರು ವರ್ಷದಿಂದ ಮನಸ್ಸಿನೊಳಗೆ ನಾನು ಒಪ್ಪಿಸುತ್ತಿದ್ದ ವಾದಕ್ಕೆ ಈಗ ಸಾಕ್ಷಿ ಸಿಕ್ಕಿತ್ತು. ಅಡುಗೆಮನೆಯಲ್ಲಿ ನಿಂತು ಅದನ್ನೇ ಮಗಳ ಮುಂದೆ ಮತ್ತೊಮ್ಮೆ ಒಪ್ಪಿಸುತ್ತಿದ್ದೆ. ಅವಳು ತಟ್ಟೆ ತೊಳೆಯುತ್ತಾ ಸುಮ್ಮನೆ ಒಂದು ಮಾತು ಕೇಳಿದಳು.

"ಅಲ್ಲಮ್ಮಾ, ಎಲ್ರೂ ಹುಲ್ಲು ಹೊದಿಸ್ತಾರೆ. ದೊಡ್ಡಮ್ಮ ಯಾಕೆ ಎಲೆ ಹೊದಿಸ್ತು?"

ಉತ್ತರ ಹೇಳಲು ಬಾಯಿ ತೆರೆದೆ. ಹುಲ್ಲಿರಲಿಲ್ಲ, ಅದಕ್ಕೇ, ಅನ್ನಬೇಕು. ಆ ಮಾತು ನಾಲಿಗೆಯ ತುದಿಗೆ ಬಂದಾಗಲೇ ಅದು ನನ್ನದೇ ಮಾತೆಂದು ನೆನಪಾಯಿತು. ಬೀಜ ಕೊಟ್ಟ ದಿನ, ಮಡಿಲಿಗೆ ಸುರಿದು, ಒಂದು ಚಿಟಿಕೆ ವಾಪಸ್ಸು ತೆಗೆದುಕೊಂಡು, ಎಲ್ಲಾ ಶಾಸ್ತ್ರ ಮುಗಿದ ಮೇಲೆ ಅಕ್ಕ ಹೊಸಿಲ ಮೇಲೆ ನಿಂತು ಕೇಳಿದ್ದಳು: "ಒಂದ್ ಕಂತೆ ಹುಲ್ಲು ಇದ್ರೆ ಕೊಡೆ, ಒಟ್ಲಿಗೆ ಹೊದ್ಸೋಕೆ. ನಮ್ದೆಲ್ಲಾ ದನ ತಿಂದ್ಬುಟ್ವು." ನಾನು ಅಂದಿದ್ದೆ: "ಹುಲ್ಲೆಲ್ಲಿ ಬಂತಕ್ಕ, ನಮ್ಮಸುವಿಗೇ ಇಲ್ಲ. ನಿಮ್ ತೋಪಲ್ಲಿ ಎಲೆ ರಾಶಿ ಬಿದ್ದದಲ್ಲ, ಅದ್ನೇ ಗುಡ್ಸಿ ಹೊದಿಸು, ಎಲ್ಲಾ ಒಂದೇ."

ಹುಲ್ಲಿತ್ತು. ಹೊಲದ ಹಿಂದಿನ ಕಣದಲ್ಲಿ ಒಂದು ಮೆದೆ ಪೂರ್ತಿ ಇತ್ತು, ಕೈ ಕೂಡ ಹಾಕಿರಲಿಲ್ಲ. ಮನೆಯ ಮುಂದೆ ನಿಂತವರಿಗೆ ಅದು ಕಾಣುತ್ತಿರಲಿಲ್ಲ. ಯಾಕೆ ಸುಳ್ಳು ಹೇಳಿದೆ? ಹಸು ಕರು ಹಾಕಿತ್ತು, ಹೊಸ ಬೆಳೆ ಬರುವವರೆಗೆ ಹುಲ್ಲು ಬೇಕಿತ್ತು ಎಂದು ಮೊದಲು ನನಗೆ ನಾನೇ ಹೇಳಿಕೊಂಡೆ. ಅದೂ ಅಲ್ಲ. ಬೀಜ ಕೊಟ್ಟಿದ್ದೇನಲ್ಲ, ಇನ್ನೂ ಕೇಳುತ್ತಾಳಲ್ಲ ಎಂದು ಒಂದು ಸಿಡುಕು ಬಂದಿತ್ತು. ಕ್ಷಣ ಮಾತ್ರ ಬಂದು ಹೋದ ಸಿಡುಕು. ಹೋದದ್ದನ್ನು ನಾನು ಮರೆತೇಬಿಟ್ಟೆ. ಆರು ವರ್ಷ ನನ್ನ ಕೈ ಶುದ್ಧ, ನನ್ನ ಮನಸ್ಸು ಶುದ್ಧ ಎಂದು ಎದೆ ತಟ್ಟಿಕೊಂಡೆ, ಆ ಮೆದೆ ಒಮ್ಮೆಯೂ ನೆನಪಿಗೆ ಬರಲಿಲ್ಲ. ಮನಸ್ಸಿಗೆ ಬೇಡವಾದದ್ದನ್ನು ಅದು ಎಷ್ಟು ಚೆನ್ನಾಗಿ ಮುಚ್ಚಿಡುತ್ತದೆ!

ಮಗಳಿಗೆ "ಗೊತ್ತಿಲ್ಲ" ಅಂದೆ. ಅವಳು ಕೊನೆಯ ತಟ್ಟೆ ತೊಳೆದು ಬೋರಲು ಹಾಕಿದಳು.

ಎರಡು ದಿನ ಹೋಗಲೋ ಬೇಡವೋ ಎಂದು ಕಳೆದೆ. ಮೂರನೆಯ ದಿನ ಕೆಲಮಂಗಲಕ್ಕೆ ನಡೆದು ಹೊಸೂರು ಬಸ್ಸು ಹತ್ತಿದೆ. ಮಧ್ಯಾಹ್ನದ ಶಿಫ್ಟಿಗೆ ಹೋಗುವ ಹುಡುಗಿಯರು ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡು ನಿದ್ದೆ ಮಾಡುತ್ತಿದ್ದರು. ನಾನು ಕಿಟಕಿಯ ಪಕ್ಕ ಕೂತು ಏನು ಹೇಳಬೇಕೆಂದು ಜೋಡಿಸಿದೆ, ಅಳಿಸಿದೆ, ಮತ್ತೆ ಜೋಡಿಸಿದೆ. ಒಂದು ಸಲ ಜೋಡಿಸುವಾಗ ಹುಲ್ಲಿನ ಮಾತು ಇರುತ್ತಿತ್ತು, ಇನ್ನೊಂದು ಸಲ ಇರುತ್ತಿರಲಿಲ್ಲ. ಹೊಸೂರಿನಲ್ಲಿ ಇಳಿದು ಅವಲಪಲ್ಲಿಗೆ ಆಟೋ ಹಿಡಿದೆ. ಅಕ್ಕನ ಊರಿನವಳು ಹೇಳಿದ್ದ ಮೂರನೆಯ ಬೀದಿ ಬಂದಾಗ ಡ್ರೈವರು ತಮಿಳಿನಲ್ಲಿ "ಮೂಣಾವದು ತೆರು" ಎಂದು ಇಳಿಸಿದ. ಅಲ್ಲಿ ಕೇಳಿ ಕೇಳಿ ಮನೆ ಸಿಕ್ಕಿತು.

ಅಕ್ಕ ಬಾಗಿಲ ಮುಂದಿನ ಮೆಟ್ಟಿಲ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದಳು. ಕೂದಲು ಬೆಳ್ಳಗಾಗಿತ್ತು. ಕನ್ನಡಕ ಬಂದಿತ್ತು. ಕನ್ನಡಕದ ಮೇಲಿಂದ ನನ್ನನ್ನು ನೋಡಿದಳು. ಅವಳು ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರೆ ನಾನು ಏನು ಮಾಡಬೇಕೆಂದು ಯೋಚಿಸಿಯೇ ಇರಲಿಲ್ಲ.

"ಬಂದ್ಯಾ" ಅಂದಳು. ಮೊರ ಪಕ್ಕಕ್ಕಿಟ್ಟು ಜಾಗ ಮಾಡಿದಳು.

ಕೂತೆ. ಜೋಡಿಸಿಕೊಂಡದ್ದೆಲ್ಲಾ ಮರೆತುಹೋಗಿ, ನೇರ ತಟ್ಟೆಗಳಿಂದಲೇ ಶುರುಮಾಡಿದೆ. ಬೋರ್‌ವೆಲ್ ನೀರು, ಹಸಿ ಎಲೆ, ಒಣ ಎಲೆ, ಹುಣಸೆ, ಕೊಳೆತ ಎಲೆ. ಬೇರು ಕಂದಿದ್ದು, ತೊಳೆದ ಮೇಲೆ ಹುಟ್ಟಿದ್ದು. "ಬೀಜದ್ದೇನೂ ಅಲ್ಲ ಕಣಕ್ಕ, ಎಲೇದು" ಅಂದೆ.

"ನಂಗೊತ್ತು" ಅಂದಳು ಅಕ್ಕ.

ನನಗೆ ಅರ್ಥವಾಗಲಿಲ್ಲ. ಅವಳು ಸೆರಗಿನಿಂದ ಕನ್ನಡಕ ಒರೆಸುತ್ತಾ ಹೇಳಿದಳು: "ಮಾರನೇ ವರ್ಷಾನೇ ಗೊತ್ತಾಯ್ತು. ಅಂಗ್ಡಿ ಬೀಜ ತಂದು ಅಲ್ಲೇ ಬಿಟ್ಟೆ, ಅದೇ ಎಲೆ ಹೊದಿಸ್ದೆ. ಅದೂ ಹುಟ್ಲಿಲ್ಲ. ತೋಪಿಂದ ದೂರ ಹುಲ್ಲು ಹೊದ್ಸಿ ಬಿಟ್ಟಿದ್ದು ಎದ್ದು ಬಂತು. ಅವತ್ತೇ ಗೊತ್ತಾಯ್ತು."

"ಮತ್ತೆ ಯಾಕೆ ಬರ್ಲಿಲ್ಲ?"

"ಹುರಿದ ಬೀಜ ಅಂತ ಎರಡೂರು ಕೇಳಂಗೆ ಅಂದ್ಬುಟ್ಟಿದ್ನಲ್ಲೇ. ಯಾವ ಮುಖ ಇಟ್ಕೊಂಡು ಬರ್ಲಿ? ಏರಿ ಅರ್ಧಕ್ಕೆ ಬಂದು ಬಂದು ವಾಪಸ್ ಹೋಗಿವ್ನಿ." ನನ್ನ ಬಲಗೈ ಹಿಡಿದು ಎರಡೂ ಕೈಯಲ್ಲಿ ಮುಚ್ಚಿಕೊಂಡಳು. "ನಿನ್ ಕೈಗೆ ಕೆಟ್ಟೆಸ್ರು ತಂದ್ಬುಟ್ಟೆ. ನೀನೂ ತಿಳೀದೆ ಹೇಳ್ದೆ, ನಾನೂ ತಿಳೀದೆ ಹೊದಿಸ್ದೆ. ನಮ್ದೇನೈತೆ ಅದ್ರಲ್ಲಿ, ಎಲ್ಲಾ ಆ ಹಾಳ್ ಎಲೇದು. ತಪ್ಪಾಯ್ತು ಕಣೆ."

ಅಕ್ಕ ನನ್ನಲ್ಲಿ ಯಾವತ್ತೂ ತಪ್ಪಾಯಿತು ಅಂದವಳಲ್ಲ. ಆರು ವರ್ಷ ನಾನು ಕಾದದ್ದು ಈ ಒಂದು ಮಾತಿಗೇ. ಅವಳ ಅಂಗೈ ಮೊದಲಿನ ಹಾಗೇ ಒರಟು, ಮೊದಲಿನ ಹಾಗೇ ಬಿಸಿ. ಅಲ್ಲಿಗೆ ನಿಲ್ಲಿಸಬಹುದಿತ್ತು. ಇಬ್ಬರೂ ಸ್ವಲ್ಪ ಅತ್ತು, ಕಾಫಿ ಕುಡಿದು, ಮುಂದಿನ ಚಳಿಗಾಲಕ್ಕೆ ಅವರೆಕಾಳು ಹಿತುಕಲು ಬಾ ಅಂದು ಬಸ್ಸು ಹತ್ತಬಹುದಿತ್ತು. ಮೆದೆಯ ವಿಷಯ ನನಗೆ ಬಿಟ್ಟು ಇನ್ನೊಬ್ಬರಿಗೆ ಗೊತ್ತಿಲ್ಲ. ಅವಳ ಕೈಯೊಳಗೆ ನನ್ನ ಕೈ ಇದ್ದ ಅಷ್ಟು ಹೊತ್ತೂ, ಇದು ನನಗೆ ಸಲ್ಲಬೇಕಾದದ್ದಲ್ಲ ಅನ್ನುವುದೊಂದೇ ಒಳಗೆ ಕೊರೆಯುತ್ತಿತ್ತು. ಅಕ್ಕ ಪಕ್ಕದಲ್ಲೇ ಕೂತಿದ್ದಳು, ಆದರೂ ನನಗೆ ಅವಳು ಬೇಕು ಬೇಕು ಅನ್ನಿಸುವುದು ನಿಂತಿರಲಿಲ್ಲ.

"ಹುಲ್ಲಿತ್ತು ಅಕ್ಕ" ಅಂದೆ.

"ಯಾವ ಹುಲ್ಲು?"

"ಅವತ್ತು ನೀನು ಒಂದ್ ಕಂತೆ ಕೇಳ್ದಾಗ. ಇಲ್ಲ ಅಂದ್ನಲ್ಲ. ಕಣದಲ್ಲಿ ಒಂದು ಮೆದೆ ಇತ್ತು. ಸುಳ್ಳು ಹೇಳ್ದೆ."

ಅಕ್ಕ ನನ್ನ ಕೈ ಬಿಟ್ಟಳು. ಬೀದಿಯಲ್ಲಿ ತರಕಾರಿ ಗಾಡಿಯವನೊಬ್ಬ ತಮಿಳಿನಲ್ಲಿ ಟೊಮೇಟೊ ಕೂಗುತ್ತಾ ಹೋದ. ಅವನು ಬೀದಿಯ ತುದಿ ತಿರುಗುವವರೆಗೂ ಅವಳು ಅವನನ್ನೇ ನೋಡಿದಳು. ಆಮೇಲೆ ನನ್ನ ಮುಖ ನೋಡದೆ ಅಂದಳು: "ಇದ್ಯಾಕೆ ಹೇಳ್ದೆ? ಎಲ್ಲಾ ಎಲೆ ಮೇಲೆ ಹಾಕ್ಬುಟ್ಟು ನಾನು ನೆಮ್ದಿಯಾಗಿದ್ನಲ್ಲೇ."

ಅವಳು ಮೊರ ಎತ್ತಿಕೊಂಡು ಮತ್ತೆ ಅಕ್ಕಿ ಆರಿಸತೊಡಗಿದಳು. ಬೆರಳು ಅಕ್ಕಿಯ ಮೇಲೆ ಓಡುತ್ತಿತ್ತು, ಕಲ್ಲೊಂದನ್ನೂ ಹೆಕ್ಕುತ್ತಿರಲಿಲ್ಲ. ಸಿಕ್ಕಿದ್ದನ್ನು ನಾನೇ ಕಳೆದುಕೊಂಡೆ ಅನ್ನಿಸಿತು. ಆದರೂ ಹೇಳಿದ್ದಕ್ಕೆ ಪಶ್ಚಾತ್ತಾಪವಾಗಲಿಲ್ಲ. ಚೀಲ ಹೆಗಲಿಗೆ ಹಾಕಿಕೊಂಡು ಎದ್ದೆ, ಎರಡು ಮೆಟ್ಟಿಲು ಇಳಿದೆ.

"ಎಲ್ಲಿಗೆ?" ಅಂದಳು ಹಿಂದಿನಿಂದ.

"ಬಸ್ಸಿಗೆ."

"ಬಸ್ಸಿಗಂತೆ ಬಸ್ಸಿಗೆ. ಹೇಳೋದ್ ಹೇಳ್ಬುಟ್ಟು ಜಗಳಾನೂ ಆಡ್ದೆ ಹೊಂಟೋಗ್ತೀಯಾ? ಆರು ವರ್ಷದ್ದು ಐತೆ ನನ್ ಹತ್ರ. ಕೂತ್ಕೊಳೇ, ಕಳ್ಳಿ."

ಚೀಲ ಕೆಳಗಿಟ್ಟು ಕೂತೆ. ಅಕ್ಕ ಕನ್ನಡಕ ತೆಗೆದು ಪಕ್ಕಕ್ಕಿಟ್ಟು ಬಯ್ಯಲು ಶುರುಮಾಡಿದಳು.